ಇಂಜಿನ್ ಮೇಲೆ ಚೆಲ್ಲಿದ ಆಯಿಲ್: ಸೀಮೆಎಣ್ಣೆ, ಪ್ರೆಶರ್ ವಾಶ್, ಡಿಗ್ರೀಸರ್

ಕಾರಿನ ಇಂಜಿನ್ ಆಯಿಲ್ ಬದಲಿಸಿಕೊಟ್ಟ ಗ್ಯಾರೇಜಿನವರು ಆಯಿಲ್ ಹಾಕುವ ಬಾಯಿಯ ಮುಚ್ಚಳ ಸರಿಯಾಗಿ ಬಿಗಿ ಮಾಡಿರಲಿಲ್ಲ. ಪುಣೆಯಿಂದ ಬೆಳಗಾವಿಗೆ ಹೊರಟವನಿಗೆ ಖಂಬಾಟ್ಕಿ ಘಾಟ್‌ನಲ್ಲೇ ಸುಟ್ಟ ವಾಸನೆ. ಬಾನೆಟ್ ಎತ್ತಿದರೆ ಹೊಸ ಆಯಿಲ್ ಇಂಜಿನ್ ತುಂಬಾ ಹರಡಿದೆ. ಅದನ್ನು ತೆಗೆಯಲು ಮೂರೂ ದಾರಿ ನೋಡಿಯಾಯಿತು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಜಿಡ್ಡು ಬಿಡಿಸುವ ದ್ರಾವಣಕ್ಕೆ, ಅಂದರೆ ಡಿಗ್ರೀಸರಿಗೆ, ಅದರಲ್ಲೂ ನೀರಲ್ಲಿ ತೊಳೆದರೆ ಹೋಗುವಂಥದ್ದಕ್ಕೆ.

ಸೀಮೆಎಣ್ಣೆ ಅದೇ ಗ್ಯಾರೇಜಿನವರ ಉಪಾಯ. ಹಲಸಿನ ಅಂಟಿಗೆ ಎಣ್ಣೆ ಹಚ್ಚಿದ ಹಾಗೆ, ಜಿಡ್ಡು ಸಲೀಸಾಗಿ ಬಿಡುತ್ತದೆ, ಸುಳ್ಳಲ್ಲ. ಆದರೆ ಆಮೇಲೆ ಒಂದು ತೆಳು ಪದರ ಉಳಿದು, ರಸ್ತೆಯ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ರಬ್ಬರ್ ಪೈಪುಗಳು ಊದಿಕೊಳ್ಳುವ ಭಯ ಬೇರೆ. ಇಂಜಿನ್ ಆಯಿಲ್‌ನ ಆವಿಗೆ ಕಿಡಿ ಹತ್ತಬೇಕಾದರೆ ಸಾಮಾನ್ಯವಾಗಿ 200 ಡಿಗ್ರಿ ದಾಟಬೇಕು, ಸೀಮೆಎಣ್ಣೆಗೆ 40ರ ಆಸುಪಾಸು ಸಾಕು. ಇನ್ನು ವಾಸನೆ! ಎಸಿಗೆ ಹೊರಗಿನ ಗಾಳಿ ಹೋಗುವ ಕಿಂಡಿ ಮುಂದಿನ ಗಾಜಿನ ಬುಡದಲ್ಲೇ ಇದೆಯಲ್ಲ. ಹೆಂಡತಿ ಕಾರು ಹತ್ತಲು ಒಪ್ಪಲಿಲ್ಲ.

ರಭಸದ ನೀರು ಹಾಯಿಸಿ ತೊಳೆಯುವ ಪ್ರೆಶರ್ ವಾಶ್‌ಗೆ ₹500 ಹೋಯಿತು. ಇಂಜಿನ್ ಫಳಫಳ. ಆದರೆ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಹತ್ತಿರ ನೀರು ನುಗ್ಗಿ, ವಾಪಸ್ ಬರುವಾಗ ಗಾಡಿ ನಡುಗತೊಡಗಿತು. ಒಣಗಿದ ಮೇಲೆ ಸರಿಹೋಯಿತು. ಮತ್ತೆ ಆ ಕಡೆ ತಲೆ ಹಾಕಿಲ್ಲ.

ಡಿಗ್ರೀಸರ್ ಪುಣೆಯ ನಾನಾ ಪೇಠದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ತಂದದ್ದು, ಅರ್ಧ ಲೀಟರಿಗೆ ₹300ರ ಸುಮಾರು. ಇಂಜಿನ್ ಕೈ ಇಡುವಷ್ಟು ಉಗುರುಬೆಚ್ಚಗಿರಬೇಕು. ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಸ್ಪ್ರೇ ಹೊಡೆದು ಐದು ನಿಮಿಷ ಬಿಡಿ, ಒಣಗಲು ಮಾತ್ರ ಬಿಡಬೇಡಿ. ಹಳೇ ಟೂತ್‌ಬ್ರಶ್‌ನಿಂದ ಬೋಲ್ಟ್ ಸಂದಿ ತಿಕ್ಕಿದರೆ ಕಂದು ನೊರೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಂಡಿ, ಮತ್ತೆ ಒರೆಸಿ. ಅಷ್ಟೇ. ತುಂಬಾ ಸ್ಟ್ರಾಂಗ್ ಇರುವುದನ್ನು ತಂದರೆ ಅಲ್ಯೂಮಿನಿಯಂ ಕಪ್ಪಾಗಬಹುದು, ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ.

ಇಷ್ಟಾದರೂ ವಾಸನೆ ಹೋಗಲಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಮೂಗಿಗೆ ಬಡಿಯುತ್ತಿತ್ತು. ಪಾರ್ಕಿಂಗ್‌ನಲ್ಲಿ ದಿನಾ ಬೆಳಿಗ್ಗೆ ಕಾರಿನ ಕೆಳಗೆ ಕಾಸಿನಗಲ ಕಲೆ. ಎಲ್ಲೋ ಲೀಕ್ ಇದೆ ಅಂತ ಸೀಲು, ಹಳೇ ಆಯಿಲ್ ಇಳಿಸುವ ಡ್ರೇನ್ ಬೋಲ್ಟು ಎಲ್ಲ ಟಾರ್ಚ್ ಹಾಕಿ ನೋಡಿದೆ. ಎಲ್ಲವೂ ಒಣ ಒಣ.

ಕೊನೆಗೆ ಭೋಸರಿಯಲ್ಲಿರುವ ವಿಜಯಪುರ ಕಡೆಯ ಮೆಕ್ಯಾನಿಕ್ ಬಗ್ಗಿ ನೋಡಿ, "ಅಣ್ಣಾರ, ಮ್ಯಾಲ ಎಷ್ಟ ತೊಳದ್ರೂ ಅಷ್ಟ ರೀ. ಆಯಿಲ್ ಎಲ್ಲಾ ಕೆಳಗ ಟ್ರೇದಾಗ ಕುಂತೈತಿ" ಅಂದ. ಇಂಜಿನ್ ಅಡಿಯಲ್ಲಿ ಕೆಸರು ಸಿಡಿಯದಂತೆ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಡಿಗ್ರೀಸರ್ ಜಿಡ್ಡನ್ನು ಬಿಡಿಸುತ್ತದೆ, ಮಾಯ ಮಾಡುವುದಿಲ್ಲ. ಬಿಟ್ಟದ್ದೆಲ್ಲ ಇಳಿದು ಅಲ್ಲಿ ನಿಂತಿತ್ತು. ಅದನ್ನು ಬಿಚ್ಚಲು ಗಾಡಿ ಎತ್ತಬೇಕು, ಹತ್ತಾರು ಪ್ಲಾಸ್ಟಿಕ್ ಕ್ಲಿಪ್ ಕಳಚಬೇಕು. ಬಿಸಿಗೆ ಬಿರುಸಾದ ಕ್ಲಿಪ್ಪುಗಳು ಪಟಪಟ ಮುರಿದವು. ಹೊಸದು ಚಿಲ್ಲರೆ ದುಡ್ಡಿನದೇ, ಆದರೆ ಅಳತೆಯದು ಹುಡುಕಲು ಮತ್ತೆ ನಾನಾ ಪೇಠಕ್ಕೆ ಅಲೆದಾಟ. ಅಲ್ಲಿ ಪಾರ್ಕಿಂಗ್ ಸಿಗುವ ಕತೆ ಪುಣೆಯವರಿಗೆ ಹೇಳಬೇಕಾಗಿಲ್ಲ. ಟ್ರೇ ತೊಳೆದ ಮೇಲೆ ವಾಸನೆಯೂ ಇಲ್ಲ, ಕಲೆಯೂ ಇಲ್ಲ.

ಆದರೂ ಡಿಗ್ರೀಸರ್ರೇ ನನಗೆ ಸರಿ. ಬೇಸಿಗೆ ಬಂತೆಂದರೆ ನಮ್ಮ ಸೊಸೈಟಿಗೆ ಟ್ಯಾಂಕರ್ ನೀರೇ ಗತಿ, ಪೈಪ್ ಹಿಡಿದು ಕಾರು ತೊಳೆದರೆ ದಂಡ. ಇದಕ್ಕೆ ಅರ್ಧ ಬಕೆಟ್ ಸಾಕು. ಭಾನುವಾರ ಬೆಳಿಗ್ಗೆ ಸುಮ್ನೆ ಬಾನೆಟ್ ಎತ್ತಿ ಕೂರುವ ಚಾಳಿಯೂ ನನಗಿದೆ. ಅದಿಲ್ಲದವರು ಟ್ರೇ ಬಿಚ್ಚಿ ತೊಳೆಯುವ ಗ್ಯಾರೇಜಿಗೇ ಕೊಡುವುದು ವಾಸಿ. ಇಂಜಿನ್ನಿನ ರಬ್ಬರ್ ಬೆಲ್ಟ್ ಮೇಲೆ ಆಯಿಲ್ ಬಿದ್ದು ನೆನೆದಿದ್ದರೆ ಮಾತ್ರ ತೊಳೆಯುತ್ತಾ ಕೂರಬೇಡಿ, ಹೊಸದು ಹಾಕಿಸಿ.