ಕ್ವಾಡ್, ಬಗ್ಗಿ, ಜೀಪು: ಹೆಬ್ಬೆರಳು ನೊಂದ ಮೇಲೆ ಬರೆದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೀಪಿಗೆ. ಕಡಲತೀರದ ಆಫ್‌ರೋಡ್ ಟೂರ್ ಅಂದರೆ ಸಾಮಾನ್ಯವಾಗಿ ಮೂರು ಬಗೆಯ ಗಾಡಿ ಸಿಗುತ್ತವೆ. ಬೈಕಿನ ಹಾಗೆ ಎರಡೂ ಕಡೆ ಕಾಲು ಹಾಕಿ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಕ್ವಾಡ್, ಪಕ್ಕಪಕ್ಕ ಇಬ್ಬರು ಕೂತು ಸ್ಟೀರಿಂಗ್ ತಿರುಗಿಸುವ ಬಗ್ಗಿ, ಇನ್ನೊಂದು ಗೈಡೇ ಓಡಿಸುವ ಜೀಪು. ಜೀಪಿನಲ್ಲಿ ನಾವು ಸುಮ್ನೆ ಕೂತಿದ್ದರಾಯಿತು. ಮೂರು ರಜೆಗಳಲ್ಲಿ ಮೂರಕ್ಕೂ ನನ್ನ ಜೇಬಿನಿಂದಲೇ ದುಡ್ಡು ಕೊಟ್ಟಿದ್ದೇನೆ. ಒಂದರಲ್ಲಿ ಪೆಟ್ಟು ತಿಂದೆ, ಒಂದರಲ್ಲಿ ಮಜಾ ಬಂತು, ಒಂದರಲ್ಲಿ ಮಾತ್ರ ಕಡಲು ಕಂಡಿತು. ಎಂಜಿನ್ ಎಷ್ಟು ಸಿಸಿ, ಬಣ್ಣ ಯಾವುದು ಅನ್ನುವುದೆಲ್ಲ ಟೂರಿನವರ ಹಾಳೆಯಲ್ಲೇ ಇರುತ್ತದೆ. ಅಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ಕ್ವಾಡ್‌ನಿಂದ ಶುರು ಮಾಡೋಣ, ಯಾಕೆಂದರೆ ಸಿಟ್ಟು ಇರುವುದು ಅದರ ಮೇಲೆ.

ಫೋಟೋದಲ್ಲಿ ಅದರಷ್ಟು ಚೆನ್ನಾಗಿ ಕಾಣುವ ಗಾಡಿ ಇನ್ನೊಂದಿಲ್ಲ. ದಪ್ಪ ಚಕ್ರ, ಹೆಲ್ಮೆಟ್ಟು, ಹಿಂದೆ ತೆಂಗಿನ ಮರ, ಪಕ್ಕದಲ್ಲಿ ಅಲೆ. ನಾನೂ ತಮ್ಮನೂ ತಲೆಗೊಂದರಂತೆ ತೆಗೆದುಕೊಂಡೆವು. ಎರಡೂವರೆ ಗಂಟೆಯ ಟೂರು. ಯಾರೂ ಮೊದಲು ಹೇಳದ ವಿಷಯ ಒಂದಿತ್ತು. ಕ್ವಾಡ್‌ನ ಆಕ್ಸಿಲರೇಟರ್ ಬೈಕಿನ ಹಾಗೆ ತಿರುಚುವುದಲ್ಲ. ಬಲಗೈ ಹಿಡಿಕೆಯ ಒಳಗಡೆ ನಾಲಿಗೆಯಂಥ ಒಂದು ಪುಟ್ಟ ಲಿವರ್ ಇರುತ್ತದೆ, ಅದನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಬೇಕು. ಒತ್ತಿದಷ್ಟು ಹೊತ್ತು ಗಾಡಿ ಹೋಗುತ್ತದೆ, ಬಿಟ್ಟರೆ ಎಳೆದು ಹಿಡಿದ ಹಾಗೆ ನಿಧಾನವಾಗುತ್ತದೆ. ಮೊದಲ ಹತ್ತು ನಿಮಿಷ ಆಟಿಕೆ ಸಿಕ್ಕಷ್ಟು ಖುಷಿ. ಇಪ್ಪತ್ತನೇ ನಿಮಿಷಕ್ಕೆ ಹೆಬ್ಬೆರಳಿನ ಬುಡದಲ್ಲಿ ಏನೋ ಎಳೆದ ಹಾಗಾಯಿತು. ನಲವತ್ತನೇ ನಿಮಿಷಕ್ಕೆ ಅಂಗೈಯೊಳಗೆ ಬಿಸಿ ತಂತಿ ಇಟ್ಟಂತೆ.

ಸರಿ, ನೋವಾದರೆ ಸ್ವಲ್ಪ ಬಿಟ್ಟು ಬಿಟ್ಟು ಒತ್ತಬಹುದಲ್ವಾ ಅಂತ ನೀವು ಕೇಳಬಹುದು. ಗಟ್ಟಿ ಮಣ್ಣಿನ ದಾರಿಯಲ್ಲಿ ಅದು ನಡೆಯುತ್ತದೆ. ಒಣ ಮರಳಿನಲ್ಲಿ ನಡೆಯುವುದಿಲ್ಲ. ಅಲ್ಲಿ ವೇಗ ಇಳಿದ ಕೂಡಲೇ ಚಕ್ರ ಮರಳಿಗೆ ಕುಸಿಯುತ್ತದೆ, ಆಮೇಲೆ ಎಷ್ಟು ಒತ್ತಿದರೂ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಾ ಕೂರುತ್ತದೆ. ನಾನು ಎರಡು ಸಲ ಹೂತುಕೊಂಡೆ. ಎರಡೂ ಸಲ ಬೆರಳಿಗೆ ಒಂದು ಕ್ಷಣ ಬಿಡುವು ಕೊಡಲು ಹೋಗಿ ಆದದ್ದು. ಕ್ವಾಡ್ ಹಗುರ ಗಾಡಿ ಅಂತ ಅಂದುಕೊಂಡಿದ್ದೆ. ಅದು 250 ಕಿಲೋ ಮೇಲಿನದು, ಇಬ್ಬರು ಹಿಡಿದು ಅಲ್ಲಾಡಿಸಿದರೂ ಜಗ್ಗಲಿಲ್ಲ. ಗೈಡು ಚಕ್ರದ ಮುಂದಿನ ಮರಳನ್ನು ಕೈಯಿಂದಲೇ ಬಗೆದು, ಹಿಂದಕ್ಕೂ ಮುಂದಕ್ಕೂ ತೂಗಿ ಹೊರಗೆ ತಂದ.

ಜೊತೆಗೆ ತಿರುವುಗಳು. ಹಲವು ಕ್ವಾಡ್‌ಗಳಲ್ಲಿ ಹಿಂದಿನ ಎರಡು ಚಕ್ರ ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಕಾರಿನಲ್ಲಿ ಇರುವ ಹಾಗೆ ಒಳಚಕ್ರ ನಿಧಾನಕ್ಕೂ ಹೊರಚಕ್ರ ಜೋರಾಗಿಯೂ ತಿರುಗುವ ಏರ್ಪಾಡು ಇರುವುದಿಲ್ಲ. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತೇನೆ ಅನ್ನುತ್ತದೆ. ಮೈಯನ್ನು ಒಳಮಗ್ಗುಲಿಗೆ ವಾಲಿಸಿ, ಹೊರಗಿನ ಕಾಲಿನಿಂದ ಮೆಟ್ಟಿ ತಿರುಗಿಸಬೇಕು. ಹ್ಯಾಂಡಲ್ ಬಲಕ್ಕೆ ತಿರುಗಿದಾಗ ಬಲಗೈ ಹಿಡಿಕೆ ಹೊಟ್ಟೆಯ ಹತ್ತಿರ ಬರುತ್ತದೆ, ಮಣಿಕಟ್ಟು ಮಡಚಿಕೊಂಡಿರುತ್ತದೆ, ಅದೇ ಹೊತ್ತಿಗೆ ಹೆಬ್ಬೆರಳು ಒತ್ತುತ್ತಲೂ ಇರಬೇಕು. ಬಲ ತಿರುವು ಬಂತೆಂದರೆ ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ಇಂಥದ್ದನ್ನು ಯಾಕೆ ಮಾಡಿದರೋ ಅಂತ ಗೈಡನ್ನೇ ಕೇಳಿದೆ. ಕಾರಣ ಸರಿಯಾಗಿಯೇ ಇದೆ. ಗುಂಡಿಗೆ ಬಿದ್ದು ಎದ್ದಾಗ ಮೈ ಹಿಂದಕ್ಕೆ ವಾಲುತ್ತದೆ, ಬೀಳಬಾರದೆಂದು ಹಿಡಿಕೆಯನ್ನು ಗಟ್ಟಿಯಾಗಿ ಎಳೆದುಕೊಳ್ಳುತ್ತೇವೆ. ತಿರುಚುವ ಆಕ್ಸಿಲರೇಟರ್ ಆಗಿದ್ದರೆ ಆ ಎಳೆತಕ್ಕೇ ಪೂರ್ತಿ ತೆರೆದುಕೊಂಡು ಗಾಡಿ ನುಗ್ಗಿಬಿಡುತ್ತದೆ. ಹೆಬ್ಬೆರಳಿನದಾದರೆ ಹಿಂದಕ್ಕೆ ವಾಲಿದಾಗ ಬೆರಳು ತಾನೇ ಬಿಟ್ಟುಕೊಳ್ಳುತ್ತದೆ, ಗಾಡಿ ನಿಧಾನವಾಗುತ್ತದೆ. ಒಪ್ಪಿದೆ. ಆದರೆ ಅರ್ಧ ದಾರಿಯಲ್ಲಿ ನಿಂತಾಗ ಅವನು ಒಂದು ಸಣ್ಣ ಕೀ ತೆಗೆದು ಆ ಲಿವರ್ ಇರುವ ಡಬ್ಬಿಯನ್ನು ಸಡಿಲಿಸಿ, ಚೂರು ಕೆಳಕ್ಕೆ ತಿರುಗಿಸಿ ಮತ್ತೆ ಬಿಗಿದ. ತುದಿಯಿಂದ ಒತ್ತಬೇಡಿ, ಬೆರಳಿನ ಬುಡದಿಂದ ಒತ್ತಿ ಅಂದ. ಅಷ್ಟಕ್ಕೇ ನೋವು ಅರ್ಧಕ್ಕೆ ಇಳಿಯಿತು. ಇದನ್ನು ಹೊರಡುವಾಗಲೇ ಹೇಳಬಾರದಿತ್ತಾ? ಹೆಲ್ಮೆಟ್ ಹಾಕುವುದು ಹೇಗೆ ಅಂತ ಹತ್ತು ನಿಮಿಷ ಪಾಠ ಮಾಡಿದರು, ಬೆರಳಿನ ಬಗ್ಗೆ ಒಂದು ಮಾತಿಲ್ಲ.

ಅವತ್ತು ರಾತ್ರಿ ರೂಮಿನ ಬೀಗ ಎಡಗೈಯಲ್ಲಿ ತೆಗೆದೆ. ಪೇಸ್ಟಿನ ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿದೆ. ದಿನವಿಡೀ ಕೀಬೋರ್ಡು, ಉಳಿದ ಹೊತ್ತು ಫೋನು ಅಂತ ಬದುಕುವವನು ನಾನು, ಹೆಬ್ಬೆರಳು ಮೊದಲೇ ಸುಸ್ತಾಗಿತ್ತು ಅನ್ನುವುದೂ ನಿಜ. ತಮ್ಮನಿಗೆ ಏನೂ ಆಗಿರಲಿಲ್ಲ. ಅವನು ಇವತ್ತಿಗೂ ಕ್ವಾಡ್ ಬಿಟ್ಟರೆ ಬೇರೇನೂ ಗಾಡಿಯೇ ಅಲ್ಲ ಅನ್ನುತ್ತಾನೆ.

ಧೂಳು: ಸಾಲಿನಲ್ಲಿ ಕೊನೆಯವರಾದರೆ ಮುಗಿಯಿತು. ಮುಂದೆ ಒಬ್ಬ ಗೈಡು, ಹಿಂದೆ ಒಬ್ಬ, ನಡುವೆ ನಾವು. ಕನ್ನಡಕದ ಕೆಳಗೆ ಬಟ್ಟೆ ಕಟ್ಟಿಕೊಳ್ಳಿ.

ಒಂಟಿ ಸೀಟಿನ ಕ್ವಾಡ್‌ಗೆ ಹಿಂದೆ ಮಗುವನ್ನು ಕೂರಿಸಿಕೊಂಡು ಹೋಗುವವರನ್ನೂ ನೋಡಿದೆ. ಅದರ ಮೇಲೇ ಬೇಡ ಅಂತ ಚೀಟಿ ಅಂಟಿಸಿರುತ್ತಾರೆ. ಈ ಗಾಡಿಯ ಪೂರ್ವಜ ಮೂರು ಚಕ್ರದ್ದು, ಹೋಂಡಾದವರು 1970ರಲ್ಲಿ ಮಾರುಕಟ್ಟೆಗೆ ತಂದದ್ದು. ಅಪಘಾತಗಳು ಜಾಸ್ತಿಯಾಗಿ 1988ರಲ್ಲಿ ಅಮೆರಿಕದಲ್ಲಿ ತಯಾರಕರು ಮೂರು ಚಕ್ರದ ಹೊಸ ಗಾಡಿ ಮಾರುವುದನ್ನು ನಿಲ್ಲಿಸಲು ಒಪ್ಪಿಕೊಂಡರು. ನಾಲ್ಕು ಚಕ್ರ ಬಂದ ಮಾತ್ರಕ್ಕೆ ಅದು ಮಗುಚುವುದಿಲ್ಲ ಅಂತ ಅಲ್ಲ. ಇಳಿಜಾರಿನಲ್ಲಿ ಅಡ್ಡ ಹೋದರೆ ಮಗುಚುತ್ತದೆ, ಮೇಲೆ ಬೀಳುವುದು ಆ 250 ಕಿಲೋ.

ಬಗ್ಗಿ ಇದಕ್ಕಿಂತ ಎಷ್ಟೋ ವಾಸಿ. ಕಾಲಲ್ಲಿ ಒತ್ತುವ ಪೆಡಲ್ಲು, ಬೆನ್ನಿಗೆ ಸೀಟು, ಸುತ್ತ ಕಬ್ಬಿಣದ ಪಂಜರ, ಎದೆಗೆ ಬೆಲ್ಟು. ಹೆಂಡತಿ ಒಂದು ಗಂಟೆ ಓಡಿಸಿದಳು, ನಾನು ಒಂದು ಗಂಟೆ. ಇಬ್ಬರಲ್ಲಿ ಯಾರು ಚೆನ್ನಾಗಿ ಓಡಿಸಿದರು ಅಂತ ಇಲ್ಲಿ ಬರೆಯುವುದಿಲ್ಲ. ಒಂದೇ ಎಚ್ಚರಿಕೆ: ಗಾಡಿ ವಾಲಿದಾಗ ಕೈ ಹೊರಗೆ ಚಾಚಿ ನೆಲ ಹಿಡಿಯಲು ಹೋಗಬಾರದು. ಬೀಳುವಾಗ ಕೈ ಊರುವುದು ನಮ್ಮ ಸಹಜ ಬುದ್ಧಿ, ಆದರೆ ಪಂಜರದ ಕೆಳಗೆ ಸಿಗುವುದು ಅದೇ ಕೈ. ಬಾಗಿಲಲ್ಲಿ ಬಲೆ ಇದ್ದರೆ ಹಾಕಿಸಿಕೊಳ್ಳಿ.

ನಮ್ಮ ಬಗ್ಗಿ ಒಂದು ಹಳ್ಳದ ಬಾಯಲ್ಲಿ ಕೈಕೊಟ್ಟಿತು. ಹೆಚ್ಚಿನ ಬಗ್ಗಿಗಳಲ್ಲಿ ಗೇರಿನ ಬದಲು ರಬ್ಬರ್ ಬೆಲ್ಟು ಓಡುತ್ತಿರುತ್ತದೆ, ಸ್ಕೂಟರಿನಲ್ಲಿ ಇರುವಂಥದ್ದೇ. ಆ ಬೆಲ್ಟಿನ ಡಬ್ಬಿಗೆ ನೀರು ನುಗ್ಗಿದರೆ ಬೆಲ್ಟು ಜಾರುತ್ತದೆ. ಎಂಜಿನ್ ಕಿರುಚುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಗೈಡು ನಮ್ಮನ್ನು ಎಳೆದು ದಡಕ್ಕೆ ತಂದು, ಡಬ್ಬಿಯ ಅಡಿಯ ಬಿರಡೆ ತೆಗೆದು ನೀರು ಬಸಿದು, ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಒಣಗಿಸಿದ. ಕಾಲು ಗಂಟೆ ಹೋಯಿತು. ತಪ್ಪು ನನ್ನದೇ, ಮೆಲ್ಲಗೆ ಹೋಗಿ ಅಂದಿದ್ದರು, ನೀರು ಎತ್ತರಕ್ಕೆ ಚಿಮ್ಮಲಿ ಅಂತ ನುಗ್ಗಿಸಿದ್ದೆ.

ಹಾಗಿದ್ದರೂ ಬಗ್ಗಿಗೆ ನನ್ನ ಓಟು ಯಾಕಿಲ್ಲ? ಓಡಿಸುವವನಿಗೆ ಏನೂ ಕಾಣುವುದಿಲ್ಲ, ಅದಕ್ಕೆ. ನನ್ನ ಕಣ್ಣು ಪೂರ್ತಿ ಎರಡು ಗಾಲಿ ಗುರುತಿನ ಮೇಲೆ ಮತ್ತು ಮುಂದಿನ ಗಾಡಿಯ ಕೆಂಪು ದೀಪದ ಮೇಲೆ. ಆಮೇಲೆ ಹೆಂಡತಿ ತೆಗೆದ ಫೋಟೋ ನೋಡಿದಾಗಲೇ ಗೊತ್ತಾಗಿದ್ದು, ಎಡಗಡೆ ಇಡೀ ಕೊಲ್ಲಿ ಇತ್ತು, ಅದರ ನಡುವೆ ಕಪ್ಪು ಬಂಡೆಗಳಿದ್ದವು.

ಈಗ ಜೀಪು. ಹಳೆಯ ಗಾಡಿ, ಹಿಂದೆ ಎದುರುಬದುರು ಬೆಂಚು, ಮೇಲೆ ಟಾರ್ಪಾಲು. ನೋಡಿದರೆ ಏನೂ ಅನಿಸುವುದಿಲ್ಲ. ಮರಳಿಗೆ ಇಳಿಯುವ ಮುಂಚೆ ಗೈಡು ಗಾಡಿ ನಿಲ್ಲಿಸಿ, ಕೆಳಗಿಳಿದು, ನಾಲ್ಕೂ ಟೈರಿನ ಗಾಳಿ ಬಿಟ್ಟ. ಪ್ರತಿ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೀಟರ್ ಹಚ್ಚಿ ನೋಡುವುದು, ಮತ್ತೆ ಸ್ವಲ್ಪ ಬಿಡುವುದು. ಟಾರು ರಸ್ತೆಗೆ 30ರ ಮೇಲಿದ್ದದ್ದನ್ನು 18 ಪಿಎಸ್ಐಗೆ ಇಳಿಸಿದ. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಮರಳಿನಲ್ಲಿ ಹೂಳುವುದಿಲ್ಲ. ವಾಪಸು ರಸ್ತೆಗೆ ಹತ್ತುವಾಗ ಸಣ್ಣ ಕಂಪ್ರೆಸರ್ ತೆಗೆದು ಮತ್ತೆ ಗಾಳಿ ತುಂಬಿದ. ಎರಡಕ್ಕೂ ಸೇರಿ ಅರ್ಧ ಗಂಟೆ ಹಿಡಿಯಿತು, ಜೊತೆಯಲ್ಲಿದ್ದ ಒಬ್ಬರು ಗೊಣಗುತ್ತಲೇ ಇದ್ದರು. ನನಗೆ ಆ ಅರ್ಧ ಗಂಟೆಯಲ್ಲೇ ಈ ಮನುಷ್ಯನ ಮೇಲೆ ನಂಬಿಕೆ ಬಂತು. ಅವತ್ತು ನಾವು ಒಂದು ಸಲವೂ ಹೂತುಕೊಳ್ಳಲಿಲ್ಲ.

ಅವನು ಹೊರಡುವ ಹೊತ್ತನ್ನೂ ನಮ್ಮ ಅನುಕೂಲಕ್ಕೆ ಇಟ್ಟಿರಲಿಲ್ಲ, ಕಡಲಿನ ಅನುಕೂಲಕ್ಕೆ ಇಟ್ಟಿದ್ದ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದಿನವೂ ಒಂದೇ ಹೊತ್ತಿಗೆ ಹೊರಡುವ ಟೂರು ಅಂದರೆ ಕೆಲವು ದಿನ ದಾರಿಯೇ ನೀರಿನಲ್ಲಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಇನ್ನೂ ಮೇಲಕ್ಕೆ ಬರುತ್ತದೆ. ನನ್ನ ಕ್ವಾಡ್ ಟೂರಿನಲ್ಲಿ ಆದದ್ದೂ ಇದೇ, ಒದ್ದೆ ಗಟ್ಟಿ ಮರಳೆಲ್ಲ ನೀರಿನಡಿ ಹೋಗಿತ್ತು, ಉಳಿದ ಒಣ ಮರಳಿನಲ್ಲಿ ನಮ್ಮನ್ನು ಓಡಿಸಿದರು. ಹೆಬ್ಬೆರಳಿನ ಕಥೆಯಲ್ಲಿ ಹುಣ್ಣಿಮೆಯದ್ದೂ ಪಾಲಿದೆ ಅಂತ ಜೀಪಿನಲ್ಲಿ ಕೂತಾಗ ಅರ್ಥವಾಯಿತು.

ಅಲೆ ತಂದು ಬಿಟ್ಟ ಕಸದ ಗೆರೆ ಇರುತ್ತದಲ್ಲ, ಜೊಂಡು, ಚಿಪ್ಪು, ಕಡ್ಡಿ. ಆ ಗೆರೆಯ ಮೇಲಕ್ಕೆ ಅವನು ಚಕ್ರ ಹತ್ತಿಸಲೇ ಇಲ್ಲ. ಕಡಲಾಮೆಗಳು ಮೊಟ್ಟೆ ಇಡುವುದು ಅದರ ಮೇಲಿನ ಒಣ ಮರಳಿನಲ್ಲಿ, ಅರ್ಧ ಮೀಟರಿನಷ್ಟು ಆಳಕ್ಕೆ, ಮರಿ ಬರಲು ಸುಮಾರು 2 ತಿಂಗಳು ಬೇಕು. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇನ್ನು ಗಾಲಿ ಗುರುತು ನಮಗೆ ಬರೀ ಗೆರೆ, ಅಂಗೈಯಲ್ಲಿ ಹಿಡಿಸುವ ಮರಿಗೆ ಅದು ಕಾಲುವೆ. ಕಡಲಿನ ಕಡೆ ಹೊರಟ ಮರಿ ಅದರಲ್ಲಿ ಇಳಿದು ಹತ್ತಲಾಗದೆ ಉದ್ದಕ್ಕೆ ಓಡುತ್ತಿರುತ್ತದೆ. ಬೆಳಕಿನ ಕಡೆ ಹೋಗುವ ಬುದ್ಧಿ ಬೇರೆ ಅವಕ್ಕೆ, ಆದ್ದರಿಂದ ಮೊಟ್ಟೆಯ ಕಾಲದಲ್ಲಿ ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಮರಳಿಗೆ ಇಳಿಸುವ ಟೂರಿಗೆ ನಾನಂತೂ ದುಡ್ಡು ಕೊಡುವುದಿಲ್ಲ.

ಒಂದು ಕಡೆ ಎಂಜಿನ್ ಆರಿಸಿ ಸುಮ್ನೆ ಕೂರಿ ಅಂದ. ಎರಡು ನಿಮಿಷಕ್ಕೆ ಮರಳಿನ ತೂತುಗಳಿಂದ ಏಡಿಗಳು ಒಂದೊಂದೇ ಹೊರಬಂದವು. ಮರಳಿನದೇ ಬಣ್ಣ, ಕಡ್ಡಿಯ ಮೇಲೆ ನಿಲ್ಲಿಸಿದಂಥ ಕಣ್ಣು. ಒಂದು ಏಡಿ ತೋಳಿನ ತುಂಬಾ ಮರಳು ಅಪ್ಪಿಕೊಂಡು ಬಂದು, ಗೂಡಿನಿಂದ ಒಂದು ಗೇಣು ದೂರಕ್ಕೆ ಎಸೆದು, ಕೈ ಕೊಡವಿಕೊಂಡಂತೆ ಮಾಡಿ ಮತ್ತೆ ಒಳಗೆ ಹೋಯಿತು. ಯಾರೋ ಸೀನಿದರು. ಎಲ್ಲ ಮಾಯ.

ಜೀಪಿನ ಕೊರತೆಯನ್ನೂ ಹೇಳಬೇಕಲ್ಲ. ಹಿಂದಿನ ಬೆಂಚಿನಲ್ಲಿ ಅಡ್ಡಡ್ಡ ಕೂತು ಹೋದರೆ ಹೊಟ್ಟೆ ತೊಳಸುತ್ತದೆ, ಡೀಸೆಲ್ ವಾಸನೆ ಬೇರೆ. ಜೊತೆಗಾರರು ಯಾರು ಸಿಗುತ್ತಾರೋ ನಮ್ಮ ಕೈಯಲ್ಲಿಲ್ಲ. ಮತ್ತೆ ಓಡಿಸುವ ಆಸೆ ಇದ್ದವರಿಗೆ ಇದು ಬಸ್ಸಿನಲ್ಲಿ ಕೂತ ಹಾಗೇ.

ದುಡ್ಡಿನ ಲೆಕ್ಕ ಸುಲಭ. ಜೀಪಿನಲ್ಲಿ ಸೀಟಿಗೆ ಇಷ್ಟು, ನಾನು ಹೋದ ಮೂರರಲ್ಲಿ ಅದೇ ಅಗ್ಗ. ಬಗ್ಗಿಗೆ ಗಾಡಿಗೆ ಇಷ್ಟು, ಇಬ್ಬರಿದ್ದರೆ ಹಂಚಿಹೋಗುತ್ತದೆ, ಒಬ್ಬರೇ ಆದರೆ ಭಾರ. ಕ್ವಾಡ್‌ಗೆ ತಲೆಗೊಂದು ಗಾಡಿ, ಹಂಚುವ ಮಾತೇ ಇಲ್ಲ. ಕ್ವಾಡ್‌ಗೂ ಬಗ್ಗಿಗೂ ಠೇವಣಿ ಇಡಬೇಕಾಯಿತು, ಹೊರಡುವ ಮುಂಚೆ ಗೀರುಗಳ ವಿಡಿಯೋ ಮಾಡಿಟ್ಟುಕೊಂಡಿದ್ದು ಕೆಲಸಕ್ಕೆ ಬಂತು. ಪ್ರವಾಸದ ಇನ್ಶೂರೆನ್ಸ್ ಇದ್ದರೆ ಅದರ ಸಣ್ಣ ಅಕ್ಷರ ಓದಿ, ಕ್ವಾಡ್ ಓಡಿಸಿ ಆದ ಗಾಯಕ್ಕೆ ಹಣ ಕೊಡದ ಪಾಲಿಸಿಗಳು ಬಹಳ ಇವೆ.

ವಾರವಿಡೀ ಬೈಕು ಓಡಿಸುವವರು, ಬೆರಳು ಗಟ್ಟಿ ಇರುವವರು, ತಮ್ಮನಂಥವರು ಕ್ವಾಡ್‌ಗೇ ಹೋಗಲಿ, ಒಂದು ಗಂಟೆಯ ಟೂರು ಸಾಕು, ಲಿವರನ್ನು ಹೊರಡುವ ಮುಂಚೆಯೇ ಕೆಳಕ್ಕೆ ತಿರುಗಿಸಿ ಕೊಡಿ ಅಂತ ಕೇಳಿ. ಗಂಡ ಹೆಂಡತಿ ಜಗಳವಾಡದೆ ಸ್ಟೀರಿಂಗ್ ಹಂಚಿಕೊಳ್ಳುವವರಾದರೆ ಬಗ್ಗಿ. ನನಗೆ ಜೀಪು, ಅದರಲ್ಲೂ ಡ್ರೈವರ್ ಪಕ್ಕದ ಸೀಟು. ಮುಂದಿನ ರಜೆಗೆ ಆ ಸೀಟನ್ನು ಈಗಲೇ ಹಿಡಿದಿಟ್ಟಿದ್ದೇನೆ, ಉಬ್ಬರ ಇಳಿತದ ಪಟ್ಟಿ ನೋಡಿ, ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮುಂಚೆ ಹೊರಡುವ ದಿನವನ್ನೇ ಆರಿಸಿ. ತಮ್ಮನೂ ಬರುತ್ತಿದ್ದಾನೆ. ಅವನು ಅದೇ ದಾರಿಯಲ್ಲಿ ಕ್ವಾಡ್ ಹಿಡಿದಿದ್ದಾನೆ, ನಮ್ಮ ಜೀಪಿನ ಹಿಂದೆ.