ಕನ್ನಡ ಜಿಕೆ ಕ್ವಿಜ್ ಕಾರ್ಡ್ ಬಾಕ್ಸ್: ಆರು ವರ್ಷ ಬಳಸಿದ ಮೇಲೆ ಬರೀತಿದ್ದೇನೆ

2019ರಲ್ಲಿ ಮಂಗಳೂರಿನ ಹಂಪನಕಟ್ಟೆಯ ಒಂದು ಪುಸ್ತಕದಂಗಡಿಯಿಂದ ತಂದದ್ದು, ಆಗ 450 ರುಪಾಯಿ, ಒಳಗೆ 300 ಕಾರ್ಡ್. ಮಗ ಆಗ ಎರಡನೇ ಕ್ಲಾಸು, ಈಗ ಎಂಟನೇದು. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡ್ಲೇ ನಮ್ಮಲ್ಲಿ ಈ ಬಾಕ್ಸ್ ಹೊರಗೆ ಬರ್ತದೆ, ಈಗಲೂ.

ನನಗೆ ಇಷ್ಟ ಆದದ್ದು ಕಾರ್ಡಿನ ಹಿಂಬದಿ. ಬೇರೆ ಜಿಕೆ ಪುಸ್ತಕದಲ್ಲಿ ಪ್ರಶ್ನೆ, ಒಂದು ಪದದ ಉತ್ತರ, ಮುಗೀತು. ಇದರಲ್ಲಿ ಉತ್ತರದ ಕೆಳಗೆ ಯಾಕೆ, ಹೇಗೆ ಅಂತ ನಾಲ್ಕೈದು ಸಾಲು ಉಂಟು. 2021ರ ಮಳೆಗಾಲದಲ್ಲಿ ಮಗನಿಗೆ ಮಲೇರಿಯಾ ಬಂತು, ಮಂಗಳೂರಲ್ಲಿ ಅದು ಹೊಸತೇನಲ್ಲ, ಆದ್ರೆ ಮನೆಯಲ್ಲಿ ಬಂದಾಗ ಕೈಕಾಲೇ ಆಡುದಿಲ್ಲ ಮಾರಾಯ್ರೆ. ಜ್ವರ ಇಳಿದ ಮೇಲೆ ಮಲಗಿದಲ್ಲೇ ಮಲೇರಿಯಾದ ಕಾರ್ಡ್ ಹುಡುಕಿ ತೆಗ್ದ. ರೊನಾಲ್ಡ್ ರಾಸ್ 1897 ಆಗಸ್ಟ್ 20ಕ್ಕೆ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಮೈಕ್ರೋಸ್ಕೋಪಿನಲ್ಲಿ ಈ ರೋಗಾಣು ನೋಡಿದ್ದು, 1902ರಲ್ಲಿ ನೊಬೆಲ್ ಬಂದದ್ದು, ಕಚ್ಚುದು ಹೆಣ್ಣು ಅನಾಫಿಲಿಸ್ ಮಾತ್ರ ಯಾಕಂದ್ರೆ ಮೊಟ್ಟೆ ಬೆಳೀಲಿಕ್ಕೆ ರಕ್ತ ಬೇಕು, ಮತ್ತೆ ಮಲೇರಿಯಾ ಅನ್ನುವ ಹೆಸರು ಇಟಾಲಿಯನ್ನಿನ 'ಮಾಲಾ ಆರಿಯಾ', ಅಂದ್ರೆ ಕೆಟ್ಟ ಗಾಳಿ, ಮೊದಲು ಜನ ಗಾಳಿಯಿಂದಲೇ ಬರ್ತದೆ ಅಂತ ತಿಳ್ಕೊಂಡಿದ್ರು ಅಂತ. ಒಂದೇ ಕಾರ್ಡಲ್ಲಿ ಚರಿತ್ರೆ, ವೈದ್ಯಕೀಯ, ಭಾಷೆ ಮೂರೂ ಬಂತು ನೋಡಿ. ಓದಿ ಮುಗಿಸಿ ಅವ ಕೇಳಿದ್ದು "ಅಪ್ಪ, ನಮ್ಮ ಟ್ಯಾಂಕಿನ ಮುಚ್ಚಳ ಸರಿ ಉಂಟಾ?" ಟೆರೇಸಿಗೆ ಹೋಗಿ ನೋಡಿದ್ರೆ ಮುಚ್ಚಳದ ಒಂದು ಬದಿ ಒಡೆದಿತ್ತು. ಅದೇ ದಿನ ಹೊಸತು ಹಾಕಿಸಿದೆ.

ಭಾಷೆಯ ಕಾರ್ಡುಗಳು ಇನ್ನೂ ಚಂದ. ಮೇಜು, ಚಾವಿ, ಪಾದ್ರಿ ಎಲ್ಲ ಪೋರ್ಚುಗೀಸಿನಿಂದ ಬಂದದ್ದು ಅಂತ ಓದುವಾಗ ಪಕ್ಕದ ಮನೆ ಆಂಟಿ ಕೂತಿದ್ರು, "ಹಾಗಾದ್ರೆ ನಾವು ಕೊಂಕಣಿಯಲ್ಲಿ ಕಿಟಕಿಗೆ ಜನೆಲ್ ಹೇಳುದು ಎಂತದು ಮಗಾ?" ಅಂತ ಕೇಳಿದ್ರು. ಅದೂ ಅದೇ, ಪೋರ್ಚುಗೀಸಲ್ಲಿ ಜನೆಲಾ. ಕಾರ್ಡಲ್ಲಿ ಇರ್ಲಿಲ್ಲ, ಮಗ ಕೆಳಗೆ ಪೆನ್ನಲ್ಲಿ ಸೇರಿಸಿದ.

ಈಗ ತೊಂದರೆಗಳು. ಚೀನಾದ ಮಹಾಗೋಡೆ ಚಂದ್ರನಿಂದ ಕಾಣ್ತದೆ ಅಂತ ಒಂದು ಕಾರ್ಡ್ ಹೇಳ್ತದೆ, ಅದು ತಪ್ಪು, ಅಲ್ಲಿಂದ ಬರೀ ಕಣ್ಣಿಗೆ ಕಾಣುದಿಲ್ಲ. ಸಿ.ವಿ. ರಾಮನ್‌ಗೆ ನೊಬೆಲ್ ಬಂದ ವರ್ಷ 1928 ಅಂತ ಹಾಕಿದ್ದಾರೆ, 1928 ಫೆಬ್ರವರಿ 28 ಶೋಧನೆಯ ದಿನ, ನೊಬೆಲ್ 1930ರದ್ದು. ಮಗ ಶಾಲೆಯ ಕ್ವಿಜ್ಜಲ್ಲಿ ಕಾರ್ಡಿನ 1928ನ್ನೇ ಹೇಳಿ ಅಂಕ ಕಳ್ಕೊಂಡು ಅತ್ತಿದ್ದ, ನನಗೆ ತುಂಬಾ ಬೇಸರ ಆದದ್ದು ಅದಕ್ಕೆ. ಮಕ್ಕಳು ಪ್ರಿಂಟಾದದ್ದನ್ನು ಪೂರ್ತಿ ನಂಬ್ತಾರೆ, ಮಾಡುವವರಿಗೆ ಆ ಜವಾಬ್ದಾರಿ ಬೇಕು. ಕಂಪೆನಿಗೆ ಎರಡು ಸಲ ಮೇಲ್ ಹಾಕಿದೆ, ಉತ್ತರವೇ ಇಲ್ಲ.

ಮತ್ತೊಂದು ಕೊರತೆ, ಮೊದಲ ಕನ್ನಡ ಪತ್ರಿಕೆ ಯಾವುದು ಅಂತ ಕೇಳಿ ಹಿಂದೆ 'ಮಂಗಳೂರು ಸಮಾಚಾರ, 1843, ಹರ್ಮನ್ ಮೋಗ್ಲಿಂಗ್' ಅಂತ ಮಾತ್ರ ಬರ್ದಿದ್ದಾರೆ. ಕಲ್ಲಚ್ಚಿನಲ್ಲಿ ಇಲ್ಲೇ ಪ್ರಿಂಟಾದದ್ದು, ಜುಲೈ 1ಕ್ಕೆ ಪತ್ರಿಕಾ ದಿನ ಮಾಡುದು ಅದಕ್ಕೇ ಅಂತ ಒಂದು ಸಾಲು ಹಾಕ್ಬಹುದಿತ್ತು. 1894ರ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಲ್ಲೇ ಬಾಸೆಲ್ ಮಿಷನ್ನಿನವರು ಪ್ರಿಂಟ್ ಮಾಡಿದ್ದು ಅಂತ ಸಹ ಇಲ್ಲ. ಆ ಮಿಷನ್ನಿನ ಪ್ರೆಸ್ ಇದ್ದ ಬಲ್ಮಠದಲ್ಲಿ ದಿನಾ ಬಸ್ಸಿಳಿಯುವ ಮಕ್ಕಳಿಗೆ ಅದು ಗೊತ್ತಾಗ್ಬೇಕಲ್ವಾ.

ಕ್ವಾಲಿಟಿ ಸಾಧಾರಣ. ಎರಡನೇ ಮಳೆಗಾಲಕ್ಕೇ ಕಾರ್ಡಿಗೆ ಬೂಸ್ಟು ಹಿಡೀತು, ಬದಿಯ ಪ್ಲಾಸ್ಟಿಕ್ ಎದ್ದು ಬಂತು. ಕರಾವಳಿಯವರು ತಂದ ದಿನವೇ ಬಿಸ್ಕೆಟ್ ಡಬ್ಬಕ್ಕೆ ಹಾಕಿಡಿ, ರಟ್ಟಿನ ಬಾಕ್ಸನ್ನು ನಂಬ್ಬೇಡಿ.

ಆದ್ರೂ ತಗೊಳ್ಳಿ ಅಂತಲೇ ಹೇಳ್ತೇನೆ. ಕಳೆದ ತಿಂಗಳು ಕುಂದಾಪುರದಲ್ಲಿರುವ ಅಕ್ಕನ ಮಗಳಿಗೆ ಅಂತ ಇನ್ನೊಂದು ತಂದೆ, ಹೊಸ ಸ್ಟಾಕು, ಆದ್ರೂ ಕರ್ನಾಟಕಕ್ಕೆ 30 ಜಿಲ್ಲೆ ಅಂತಲೇ ಉಂಟು, ವಿಜಯನಗರ ಸೇರಿ 31 ಆಗಿ ವರ್ಷ ಎಷ್ಟಾಯ್ತು. ಮಗ ನಮ್ಮ ಹಳೇ ಕಾರ್ಡುಗಳನ್ನು ಪಕ್ಕದಲ್ಲಿ ಇಟ್ಕೊಂಡು ಹೊಸತರಲ್ಲಿ ಒಂದೊಂದೇ ತಿದ್ದಿದ, ಜನೆಲ್ ಸಹ ಸೇರಿಸಿದ, ಆಮೇಲೆ ಪ್ಯಾಕ್ ಮಾಡಿ ಕಳಿಸಿದೆವು.