ಸಹಿ ಇರುವ ವರ್ಣ ಎಚಿಂಗ್ ಎಂದು ನಂಬಿ 4,800 ಕ್ರೋನಾ ಕಳೆದುಕೊಂಡೆ: ಸ್ವೀಡನ್ನಿನಲ್ಲಿರುವ ಕನ್ನಡಿಗರಿಗೆ ಎಚ್ಚರಿಕೆ

ಸ್ವೀಡನ್ನಿನಲ್ಲಿ ಆನ್‌ಲೈನ್ ಮೂಲಕ ಹಳೆಯ ಕಲಾಕೃತಿಗಳನ್ನು ಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಣ ಹೋದ ಸಂಕಟಕ್ಕಿಂತ, ತಿಳಿದವನೆಂದುಕೊಂಡಿದ್ದ ನಾನೇ ಮೋಸಹೋದೆನೆಂಬ ನಾಚಿಕೆ ಇನ್ನೂ ಆರಿಲ್ಲ.

ಮುದ್ರಣ ಕಲೆಯ ಮೇಲಿನ ನನ್ನ ಮೋಹ ಬೆಂಗಳೂರಿನ ದಿನಗಳದು. ಲೋಹದ ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆದು, ಶಾಯಿ ಹಚ್ಚಿ, ಒದ್ದೆ ಕಾಗದದ ಮೇಲೆ ಒತ್ತಿ ತೆಗೆಯುವ ಚಿತ್ರವೇ ಎಚಿಂಗ್. ಪ್ಯಾರಿಸ್ಸಿನಲ್ಲಿ ಹೇಟರ್ ಅವರ ಮುದ್ರಣ ಕಾರ್ಯಾಗಾರ ಅಟೆಲಿಯೆ 17ರಲ್ಲಿ ನಮ್ಮ ದೇಶದ ಕಲಾವಿದ ಕೃಷ್ಣ ರೆಡ್ಡಿಯವರು ಬೆಳೆಸಿದ ವಿಧಾನದಲ್ಲಿ, ಎಣ್ಣೆಯ ಪ್ರಮಾಣ ಬೇರೆ ಬೇರೆ ಇರುವ ಶಾಯಿಗಳನ್ನು ಗಟ್ಟಿ ಮತ್ತು ಮೆತ್ತನೆಯ ರೋಲರುಗಳಿಂದ ಒಂದೇ ತಗಡಿಗೆ ಹಚ್ಚಿ, ಒಂದೇ ಒತ್ತಿಗೆ ಹಲವು ಬಣ್ಣಗಳನ್ನು ಮೂಡಿಸುವುದನ್ನು ಓದಿದಂದಿನಿಂದ ವರ್ಣ ಎಚಿಂಗ್ ಒಂದು ನನ್ನ ಗೋಡೆಯ ಮೇಲಿರಬೇಕೆಂಬ ಆಸೆಯಿತ್ತು. ಈಗ ಇರುವುದು ಮಾಲ್ಮೋದಲ್ಲಿ. ಇಲ್ಲಿ ಫೋರಂ ಎಂಬ ಮುದ್ರಣ ಕಲೆಯ ಶಾಲೆಯನ್ನು ಕಟ್ಟಿದ ಬರ್ಟಿಲ್ ಲುಂಡ್‌ಬರ್ಗ್ ಅವರ ಹೆಸರು ಹೊತ್ತ ಅಮೂರ್ತ ಎಚಿಂಗೊಂದು, ಪೆನ್ಸಿಲ್ ಸಹಿ ಮತ್ತು 84/150 (150 ಪ್ರತಿಗಳಲ್ಲಿ 84ನೆಯದು) ಎಂಬ ಸಂಖ್ಯೆಯೊಡನೆ ಮಾರಾಟಕ್ಕೆ ಬಂದಾಗ ನಾನು ತಡೆಯಲಾರದೆ ಹೋದೆ. ಈ ದೇಶದಲ್ಲಿ ಕಚೇರಿಗಳ ಕಲಾಸಂಘಗಳ ಮೂಲಕ ಮನೆಮನೆಗೂ ಮುದ್ರಣ ಚಿತ್ರಗಳು ತಲುಪಿವೆ. ಹರಾಜಿನಲ್ಲಿ ಸಹಿಯುಳ್ಳವೂ ಎಷ್ಟೋ ಸಲ ಕೆಲವೇ ನೂರು ಕ್ರೋನಾಗಳಿಗೆ ಹೋಗುತ್ತವೆ. ಇದು ಗೊತ್ತಿದ್ದೂ 4,800 ಕೊಟ್ಟೆ.

ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲವೆಂದಲ್ಲ. ತಗಡಿನ ಅಂಚು ಒದ್ದೆ ಕಾಗದದಲ್ಲಿ ಒತ್ತಿಕೊಂಡು ಮೂಡುವ ತಗ್ಗು ಕಾಣುತ್ತದೆಯೇ ಎಂದು ಮಾರುವಾತನಿಗೆ ಬರೆದು ಕೇಳಿದೆ. "ಸ್ಪಷ್ಟವಾಗಿ ಕಾಣುತ್ತದೆ, ನೋಡಿ" ಎಂದು ಆತ ಹತ್ತಿರದಿಂದ ತೆಗೆದ ಫೋಟೋ ಕಳುಹಿಸಿದ. ಚಿತ್ರದ ನಾಲ್ಕೂ ಬದಿಗೆ ತೆಳುವಾದ ನೆರಳಿನ ಗೆರೆ ಇತ್ತು. ಚೌಕಟ್ಟು ಬಿಚ್ಚಿ ತೋರಿಸಿರೆಂದಾಗ ಮಾತ್ರ, ಹಿಂಬದಿಯ ಕಂದು ಕಾಗದದ ಪಟ್ಟಿ ಹಳೆಯದು, ಅದನ್ನು ಹರಿದರೆ ಬೆಲೆ ಇಳಿಯುತ್ತದೆ ಎಂದ. ಅದು ಕೃತಿಯ ಮೇಲಿನ ಕಾಳಜಿಯೆಂದು ನಾನು ತಿಳಿದೆ. ಸ್ವಿಶ್ ಎಂಬ ಮೊಬೈಲ್ ಪಾವತಿ ಆ್ಯಪ್ ಮೂಲಕ ಹಣ ಕಳುಹಿಸಿದೆ.

ಯುಗಾದಿಗೆ ಬಂದ ಸ್ನೇಹಿತರನ್ನು ಆ ಚಿತ್ರದ ಮುಂದೆ ನಿಲ್ಲಿಸಿ, ತಗಡು, ಆಮ್ಲ, ರೋಲರು ಎಂದು ಅರ್ಧ ಗಂಟೆ ವಿವರಿಸಿದೆ. ಅವರಲ್ಲಿ ಸ್ವತಃ ಎಚಿಂಗ್ ಮಾಡುವ ಒಬ್ಬರು ಚಿತ್ರವನ್ನು ಗೋಡೆಯಿಂದ ಇಳಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಇದನ್ನು ಬಿಚ್ಚಬಹುದೇ?" ಎಂದು ಮೆಲ್ಲಗೆ ಕೇಳಿದರು. ಬಿಚ್ಚಿದೆವು. ಅಂಚಿನ ಮೇಲೆ ಬೆರಳಾಡಿಸಿದೆ; ತಗ್ಗಿಲ್ಲ, ಶಾಯಿಯ ಉಬ್ಬಿಲ್ಲ, ಇಡೀ ಹಾಳೆ ಗಾಜಿನಂತೆ ನುಣುಪು. ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣಗಳೆಲ್ಲ ಪುಸ್ತಕಗಳನ್ನು ಯಂತ್ರದಲ್ಲಿ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣದ ಸಣ್ಣ ಚುಕ್ಕಿಗಳು. ಪೆನ್ಸಿಲ್ ಸಹಿಯೂ ಚುಕ್ಕಿಗಳೇ. ನಾನು ತಗ್ಗೆಂದು ನಂಬಿದ್ದ ಆ ನೆರಳಿನ ಗೆರೆಯೂ ಅಚ್ಚಾದದ್ದೇ, ಯಾವುದೋ ಅಸಲಿ ಎಚಿಂಗಿನ ಫೋಟೋದಲ್ಲಿ ಬಿದ್ದಿದ್ದ ನೆರಳು. ಹಾಳೆ ತಿರುಗಿಸಿದಾಗ ಹಿಂದೆ 31 ಎಂಬ ಪುಟಸಂಖ್ಯೆ ಇತ್ತು. ಯಾವುದೋ ಪುಸ್ತಕದಿಂದ ಕತ್ತರಿಸಿದ ಪುಟಕ್ಕೆ ಗಾಜು ಹಾಕಿ ನನಗೆ ಮಾರಿದ್ದರು. ಆ ಸಂಖ್ಯೆಯನ್ನು ಎಲ್ಲರೂ ನೋಡಿದರು. ಯಾರೂ ಮಾತಾಡಲಿಲ್ಲ, ಆ ಮೌನವನ್ನು ನನಗೆ ಮರೆಯಲಾಗುತ್ತಿಲ್ಲ.

ಆ ರಾತ್ರಿಯೇ ಫೋಟೋಗಳ ಸಮೇತ ಆತನಿಗೆ ಬರೆದೆ. ಮೊದಲ ಉತ್ತರ: "ನಾನು ತಜ್ಞನಲ್ಲ, ಹಿಂಬದಿಯ ಚೀಟಿಯಲ್ಲಿದ್ದುದನ್ನೇ ಬರೆದಿದ್ದೇನೆ." ಒತ್ತಿದ ಗುರುತು ಸ್ಪಷ್ಟವಾಗಿದೆ ಎಂದು ನೀವೇ ಹೇಳಿದ್ದಿರಲ್ಲ ಎಂದು ಕೇಳಿದ್ದಕ್ಕೆ: "ಫೋಟೋ ಕಳುಹಿಸಿದ್ದೆ, ನೋಡಿಯೇ ಕೊಂಡಿರಿ." ಸಹಿಯ ಬಗ್ಗೆ ಕೇಳಿದ್ದಕ್ಕೆ ಬಂದ ಸಾಲನ್ನು ಓದಿ ಕೈ ನಡುಗಿತು: "ಸಹಿ ಇದೆ ಎಂದೆ, ಇದೆ. ಕೈಯಿಂದ ಹಾಕಿದ್ದೆಂದು ನಾನು ಎಲ್ಲಿ ಬರೆದಿದ್ದೇನೆ?" ಕೊನೆಗೆ, ಚೌಕಟ್ಟನ್ನು ನೀವು ಬಿಚ್ಚಿದ್ದೀರಿ, ಹಾಗಾಗಿ ವಾಪಸು ಪಡೆಯುವುದಿಲ್ಲ ಎಂದ. ಬಿಚ್ಚದೆ ತಿಳಿಯುವಂತಿಲ್ಲ, ಬಿಚ್ಚಿದರೆ ವಾಪಸಿಲ್ಲ! ಇದೆಂಥ ನ್ಯಾಯ?

ಅಂಗಡಿಯವರಿಂದ ಆನ್‌ಲೈನಿನಲ್ಲಿ ಕೊಂಡಿದ್ದರೆ 14 ದಿನಗಳೊಳಗೆ ಹಿಂದಿರುಗಿಸುವ ಹಕ್ಕಿರುತ್ತಿತ್ತು. ಆತ ತಾನು ಖಾಸಗಿ ವ್ಯಕ್ತಿಯೆಂದು ಹೇಳಿಕೊಂಡ. ಗ್ರಾಹಕರ ದೂರು ಮಂಡಳಿಯೂ ಖಾಸಗಿಯವರ ನಡುವಿನ ವ್ಯಾಜ್ಯವನ್ನು ಎತ್ತಿಕೊಳ್ಳುವುದಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಸ್ವಿಶ್‌ನಲ್ಲಿ ಹೋದ ಹಣ ಹೋದಂತೆಯೇ.

ಚೌಕಟ್ಟು ಬಿಚ್ಚಲು ಒಪ್ಪದವರಿಂದ ಎಚಿಂಗ್ ಕೊಳ್ಳಬೇಡಿ. ತಗ್ಗಿನ ಫೋಟೋವನ್ನು ನಂಬಬೇಡಿ, ಬೆರಳಿಗೆ ಸಿಗಬೇಕು. ಹಿಂಬದಿಯನ್ನು ನೋಡದೆ ಒಂದು ಕ್ರೋನಾ ಕೂಡ ಕೊಡಬೇಡಿ. ಬೆಂಗಳೂರಿನ ಚಿತ್ರಸಂತೆಯಲ್ಲಿ ಕಲಾವಿದರೇ ಎದುರು ನಿಂತು ಚಿತ್ರ ಮಾರುತ್ತಾರೆ; ಆ ಅಭ್ಯಾಸದ ನಂಬಿಕೆಯನ್ನು ನಾನು ಇಲ್ಲಿಗೂ ತಂದಿದ್ದೆ.

ಕಳೆದ ವಾರ ಅದೇ ವ್ಯಕ್ತಿ ಇನ್ನೊಂದು "ಸಹಿಯುಳ್ಳ ವರ್ಣ ಎಚಿಂಗ್" ಮಾರಾಟಕ್ಕಿಟ್ಟಿದ್ದಾನೆ; ಹಿಂಬದಿಗೆ ಅದೇ ಬಗೆಯ ಕಂದು ಕಾಗದದ ಪಟ್ಟಿ. ಬಿಚ್ಚಿ ತೋರಿಸುವಿರಾ ಎಂದು ಕೇಳಿದೆ. ನನ್ನನ್ನು ಬ್ಲಾಕ್ ಮಾಡಿದ್ದಾನೆ.